ಹುಳುಮನೆಯ ಕಿಟಕಿಗಳು

ಆಸ್ಪತ್ರೆಯಲ್ಲಿ ನರ್ಸಾಗಿದ್ದಷ್ಟು ಕಾಲ ನನಗೆ ಗಾಳಿ ಎಂದರೆ ಬೆಳಿಗ್ಗೆ ಆರಕ್ಕೆ ವಾರ್ಡಿನ ಕಿಟಕಿ ತೆಗೆಯುವುದು, ಅಷ್ಟೆ. ನಿವೃತ್ತಳಾದ ಮೇಲೆ ಶಿಡ್ಲಘಟ್ಟದ ಬಳಿಯ ತಮ್ಮನ ಮನೆಗೆ ಹೋದಾಗ ಅದೊಂದೇ ಪದ ಎಷ್ಟು ಕಡೆ ದುಡಿಯುತ್ತದೆಂದು ತಿಳಿಯಿತು. ಅವನು ತೋಟದ ಬದುವಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಗಾಳಿ ಸೋಕಿತು, ಅಂದರೆ ದೆವ್ವ ತಳ್ಳಿತು ಎಂದಳು ಅವನ ಹೆಂಡತಿ. ಕುಡಿದಿದ್ದ ಎಂದು ಊರವರು ಆಡಿದ್ದು ಬರೀ ಗಾಳಿಮಾತು ಎಂದ ತಮ್ಮ. ನಾನು ಹೇಳಿಕೊಟ್ಟ ವ್ಯಾಯಾಮವನ್ನು ಅವನು ಗಾಳಿಗೆ ತೂರಿದ್ದನ್ನಂತೂ ಕಣ್ಣಾರೆ ಕಂಡೆ.

ಅವನು ಮಲಗಿದ್ದರಿಂದ ಆ ಸಲದ ರೇಷ್ಮೆಹುಳು ಪೂರ್ತಿ ಹೆಂಡತಿಯ ಕೈಗೆ ಬಂದಿತ್ತು. ಅವಳೊಬ್ಬಳೇ ಸಾಕುತ್ತಿದ್ದ ಮೊದಲ ಬೆಳೆ. ಕೆಟ್ಟರೆ ಗಂಡ ಜೀವಮಾನವಿಡೀ ಆಡಿಕೊಳ್ಳುತ್ತಾನೆಂದು ಅವಳಿಗೆ ಗೊತ್ತು. ಪೊರೆ ಬಿಡುವಾಗ ಹುಳು ಮೇವು ಬಿಟ್ಟು ಮಲಗುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳು ಸೊಪ್ಪನ್ನು ಮುಕ್ಕಬೇಕು. ಇವು ಸುಮ್ಮನೆ ಮೂಸಿ ನೋಡುತ್ತಿದ್ದವು.

ಹುಳುಮನೆಗೆ ಹೋದರೆ ನಾಲ್ಕೂ ಕಿಟಕಿ ಬಂದ್, ಉಸಿರು ಕಟ್ಟುವ ಧಗೆ. ಆರಕ್ಕೆ ಸರಿಯಾಗಿ ತೆಗೆದೆ. ಆರೂ ಹತ್ತಕ್ಕೆ ಅವಳು ಮುಚ್ಚಿದ್ದಳು.

"ಅಕ್ಕ, ನಿಮ್ ತಮ್ಮನ್ನ ಕೆಡವಿದ ಗಾಳಿ ಇನ್ನೂ ಇಲ್ಲೇ ಸುತ್ತಾಡ್ತೈತೆ. ಹುಳಕ್ಕೂ ಸೋಕಲಿ ಅಂತೀರಾ?"

"ನೀನೇ ಒಳಗೆ ಹತ್ತು ನಿಮಿಷ ಕೂತ್ಕೊಳಮ್ಮ. ಆಮೇಲೆ ಊಟ ಸೇರುತ್ತಾ ನೋಡಣ."

"ನಿಮ್ಮಿಬ್ರ ಜಗಳ ಮುಗಿಯೋದ್ರೊಳಗೆ ಹುಳು ಚಿಟ್ಟೆಯಾಗಿ ಹಾರೋಗ್ತವೆ," ಎಂದು ತಮ್ಮ ಮಂಚದಿಂದ ಕೂಗಿದ.

"ನೀವು ಬಾಯ್ ಮುಚ್ಕೊಂಡು ಕಾಲು ನೋಡ್ಕೊಳ್ಳಿ," ಎಂದಳು ಅವಳು.

ಮರುದಿನ ಹತ್ತಾರು ಹುಳು ಸತ್ತಿದ್ದವು. ಅವಳ ಮುಖ ಸಣ್ಣದಾಯಿತು. ಆಗ ಒಂದು ಷರತ್ತು ತಂದಳು: ಪ್ರತಿ ಕಿಟಕಿಗೂ ಹಳೆಯ ಚಪ್ಪಲಿ ಕಟ್ಟಿದರೆ ಕೆಟ್ಟ ಗಾಳಿ ಹೆದರುತ್ತದೆ, ಆಮೇಲೆ ತೆಗೆಯಬಹುದು. ಹುಳುಮನೆಗೆ ಚಪ್ಪಲಿಯೇ? ಬರಿಗಾಲನ್ನೂ ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ ಒಳಗೆ ಹೋಗುವ ಜಾಗ ಅದು. ನಾನೂ ಷರತ್ತು ಹಾಕಿದೆ. ನಾಲ್ಕು ಹರಕು ಚಪ್ಪಲಿಗಳನ್ನು ಅದೇ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ಆಪರೇಷನ್ ಸಾಮಾನಿನಂತೆ ತಟ್ಟೆಯಲ್ಲಿ ಜೋಡಿಸಿ ಕೊಟ್ಟೆ. ಅವಳು ಕಟ್ಟಿದಳು, ನಾನು ಕಿಟಕಿ ತೆಗೆದೆ. ಸಂಜೆಗೆ ಹುಳುವಿನ ತಟ್ಟೆಗಳಲ್ಲಿ ಸೊಪ್ಪಿನ ಕಡ್ಡಿಯಷ್ಟೇ ಉಳಿದಿತ್ತು.

ವಾರದೊಳಗೆ ಹುಳು ಹಣ್ಣಾದವು, ಅಂದರೆ ನೂಲು ಬಿಡಲು ಸಿದ್ಧವಾದವು. ಹಣ್ಣಾದದ್ದನ್ನು ಕೂಡಲೇ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಹನ್ನೆರಡೂವರೆಯ ಊಟವನ್ನು ನಾನು ಎಂದೂ ತಪ್ಪಿಸಿದವಳಲ್ಲ. ಅಂದು ನಾಲ್ಕು ಹೊಡೆದರೂ ಎರಡೂ ಕೈ ತುಂಬ ಹುಳು. ಅವಳು ಕೈ ತೊಳೆದು, ಮುದ್ದೆ ಮುರಿದು ಸಾರಿಗೆ ಅದ್ದಿ ನನ್ನ ಬಾಯಿಗೆ ಹಿಡಿದಳು.

"ಏನೇ, ಬೆಳೆ ಹೆಂಗೈತೆ?" ತಮ್ಮನ ಕೂಗು.

ಅವಳು ತಿರುಗಿಯೂ ನೋಡಲಿಲ್ಲ. ಇನ್ನೊಂದು ತುತ್ತು ಅದ್ದಿದಳು.

"ನುಂಗಿ ಅಕ್ಕ. ಅವರು ಇವತ್ತೊಂದಿನ ಕಾಯ್ಲಿ."