ಏನೂ ಆಗದ ವಾರದ ಪತ್ರಿಕೆ

"ಇದು ಆಗೋ ಮಾತಲ್ಲ ತಂಗಿ" ಎಂದು ಹೇಳಿದವರು ಝೆರಾಕ್ಸ್ ಮಂಜಣ್ಣ.

ಯಲ್ಲಾಪುರದ ಆಚೆ, ನಮ್ಮೂರಿನ ಕ್ರಾಸಿನಲ್ಲಿ ಅವರ ಅಂಗಡಿ. ಝೆರಾಕ್ಸ್, ರೀಚಾರ್ಜ್, ಪಾಸ್‌ಪೋರ್ಟ್ ಸೈಜಿನ ಫೋಟೊ, ಪಕ್ಕದಲ್ಲೇ ಟ್ರೇ ತುಂಬ ಕೋಳಿಮೊಟ್ಟೆ. ನಾನು ಇಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಕೂತು ಅವರಿಗೆ ಫೋನ್ ಮಾಡಿದ್ದೆ. ನಮ್ಮ ಸಿದ್ದಿ ಕೇರಿಗೆ ಒಂದು ಪತ್ರಿಕೆ ಮಾಡುತ್ತಿದ್ದೇನೆ, ನಾಲ್ಕು ಸಂಚಿಕೆ, ಪ್ರತಿ ಸಲ ಒಂದೇ ಹಾಳೆ, ನಾನು ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದನ್ನು ನೀವು ಪ್ರಿಂಟ್ ಹಾಕಬೇಕು ಎಂದೆ.

"ಪೇಪರ್ ಅಂದ್ರೆ ಸುದ್ದಿ ಬೇಕಲ್ಲ. ನಿಮ್ಮ ಕೇರಿಲಿ ಸುದ್ದಿ ಎಲ್ಲುಂಟು? ಇರೋದೇ ಮೂವತ್ತು ಮನೆ. ನಾಲ್ಕನೇ ಸಲಕ್ಕೆ ಎಂತ ಹಾಕ್ತಿ, ಬಿಳಿ ಹಾಳೆಯಾ?"

(ಮಂಜಣ್ಣ ಕೆಟ್ಟವರಲ್ಲ. ನನ್ನ ಡಿಗ್ರಿ ಅರ್ಜಿಯ ಅಷ್ಟೂ ಪ್ರತಿಗಳನ್ನು ಅವರೇ ತೆಗೆದುಕೊಟ್ಟಿದ್ದು. ಆಗಲೂ "ಇದು ಆಗೋ ಮಾತಲ್ಲ" ಎನ್ನುತ್ತಲೇ ತೆಗೆದುಕೊಟ್ಟಿದ್ದು.)

ಆ ಡಿಗ್ರಿ ಆಯಿತು. ನಮ್ಮ ಮನೆಯಲ್ಲಿ ಬಿ.ಎ. ಮಾಡಿದ ಮೊದಲನೆಯವಳು ನಾನು. ಈ ಮಾತನ್ನು ಪ್ರತಿ ಮೂರನೇ ವಾರ ಈ ಅಂಕಣದಲ್ಲಿ ಬರೆಯುತ್ತೇನೆಂದು ನೀವು ದೂರುತ್ತೀರಿ. ಬರೆಯುತ್ತೇನೆ. ಗಿರಿಜತ್ತೆ, ಅಂದರೆ ನನ್ನಪ್ಪನ ಅಕ್ಕ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿಚೀಲಕ್ಕೆ ಮಣ್ಣು ತುಂಬಿ ತುಂಬಿ ಕೊಡಿಸಿದ ಡಿಗ್ರಿ ಅದು. ಬೇಜಾರಾದರೆ ಪುಟ ತಿರುಗಿಸಿ.

ಹೊಸ ಓದುಗರಿಗೆ ಎರಡು ಮಾತು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗು ಹತ್ತಿಸಿ ತಂದರು. ಅವರನ್ನು ಕೇಳಿ ತಂದದ್ದಲ್ಲ. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆ ನಿಂತರು. ಬಣ್ಣ, ಕೂದಲು ಅಲ್ಲಿಯದು. ಬೈಗುಳ ಅಪ್ಪಟ ಕನ್ನಡದ್ದು. ನನಗೆ ಮಲೇಷ್ಯಾದಲ್ಲಿ ಕೆಲಸ ಸಿಕ್ಕಿದ್ದೇ ಕನ್ನಡದಿಂದ: ಕನ್ನಡದ ಗ್ರಾಹಕರು ಕಳಿಸುವ ದೂರುಗಳಿಗೆ ಕನ್ನಡದಲ್ಲಿ ಉತ್ತರ ಬರೆಯುವುದು.

ಆದರೆ ನನ್ನ ಮುಖ ನೋಡಿ ಕನ್ನಡದವಳು ಎಂದು ಊಹಿಸುವವರು ಯಾರು? ಸುಬಾಂಗ್ ಜಯಾದಲ್ಲಿ ಕನ್ನಡದವರ ಒಂದು ಕೂಟಕ್ಕೆ ಹೋಗಿದ್ದೆ. ಇಡ್ಲಿ ಬಡಿಸುತ್ತಿದ್ದ ಉಡುಪಿಯ ಆಂಟಿಯೊಬ್ಬರು ಒಂದೊಂದೇ ಇಂಗ್ಲಿಷ್ ಪದವನ್ನು ಬಿಡಿಸಿ ಬಿಡಿಸಿ, ಇದು ಇಡ್ಲಿ, ಖಾರ ಇರುವುದಿಲ್ಲ, ಹೆದರಬೇಡ ಎಂದರು. "ಚಟ್ನಿ ಸ್ವಲ್ಪ ನೀರಾಗಿದೆ ಆಂಟಿ" ಎಂದೆ. ಅವರು ಸೌಟು ಹಿಡಿದು ಹಾಗೇ ನಿಂತರು. ಆಮೇಲೆ ಅಕ್ಕರೆಯಿಂದ ಕೇಳಿದರು, "ಎಷ್ಟು ಚಂದ ಕಲ್ತಿದ್ದೀರಿ ಮಾರಾಯ್ರೆ, ಯಾವ ಆ್ಯಪ್?"

ಇಂಥ ನಾನು, ವಾರಾಂತ್ಯದ ಒಂದು ಡಿಪ್ಲೊಮಾ ಸೇರಿದೆ. ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜು. ವಿಷಯ: ಸಮುದಾಯ ಪತ್ರಿಕೋದ್ಯಮ. ಸೇರುವ ದಿನ ಕೌಂಟರಿನ ಹುಡುಗಿ ಹೆಸರು ಕೇಳಿದಳು, ನನ್ನ ಮುಖ ನೋಡಿದಳು, ಉಳಿದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತಾನೇ ಪಟಪಟ ತುಂಬಿದಳು. ಪಾಸ್‌ಪೋರ್ಟ್ ಚಾಚಿದೆ. "ಬೇಡ ಲಾ, ಆಯ್ತು" ಎಂದಳು. (ಲಾ ಎಂಬುದು ಇಲ್ಲಿಯವರ ಮಾತಿನ ಬಾಲ.) ಎಂಥ ಚುರುಕು ಎಂದು ಮೆಚ್ಚಿಕೊಂಡೆ.

ನಮ್ಮ ಮೇಡಂ ಹೆಸರು ಪುವಾನ್ ರೊಹಾನಾ. (ಪುವಾನ್ ಎಂದರೆ ಇಲ್ಲಿಯ ಮೇಡಂ.) ಮೊದಲ ತಿಂಗಳು ಪೂರ್ತಿ ಅವರು ಪಾಠ ಮಾಡಿದ್ದು ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಜನ ತಮಗಾಗಿ ತಾವೇ ನಡೆಸಿದ ಪುಟ್ಟ ಪತ್ರಿಕೆಗಳ ಬಗ್ಗೆ. ಯಾರಿಗೆ ಜ್ವರ, ಯಾರ ಮಗಳು ಪಾಸು, ಭಾನುವಾರ ಪಟ್ಟಣದಿಂದ ಯಾರ ಮನೆಗೆ ಯಾರು ಊಟಕ್ಕೆ ಬಂದರು. ಅಷ್ಟೇ ಸುದ್ದಿ. ದೊಡ್ಡ ಪತ್ರಿಕೆಗಳು ಅವರನ್ನು ನೆನೆಯುತ್ತಿದ್ದದ್ದು ಎರಡೇ ಹೊತ್ತಿನಲ್ಲಿ: ಏನಾದರೂ ಅಪರಾಧವಾದಾಗ, ಇಲ್ಲವೇ ಹಾಡು ಕುಣಿತ ಬೇಕಾದಾಗ.

ಹೆಸರು ಬದಲಿಸಿದರೆ ಇದು ನಮ್ಮೂರಲ್ಲವೇ?

ತರಗತಿಯ ಉಳಿದ ಹನ್ನೊಂದು ಜನ ಮಾತ್ರ ತಿರುಗಿ ನನ್ನನ್ನೇ ನೋಡುತ್ತಿದ್ದರು. ಹೆಚ್ಚಿನ ವಿವರ ನನ್ನಿಂದ ಬರಬೇಕಿತ್ತಂತೆ. ನಾನು ಯಲ್ಲಾಪುರದವಳು ಎಂದೆ. ಪಕ್ಕದ ಹುಡುಗ ವಿನಯದಿಂದ ಕೇಳಿದ, "ಅದು ಅಲಬಾಮಾ ಹತ್ತಿರವಾ?"

"ಹುಬ್ಬಳ್ಳಿ ಹತ್ತಿರ."

ಅವನು ಬರೆದುಕೊಂಡ.

ಪರೀಕ್ಷೆಯ ಬದಲು ಒಂದು ಕೆಲಸ ಕೊಟ್ಟರು. ನಿಮಗೆ ಗೊತ್ತಿರುವ ಜನರಿಗಾಗಿ ನಾಲ್ಕು ಸಂಚಿಕೆ ತರಬೇಕು. ಷರತ್ತು ಒಂದೇ. ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಅಚ್ಚಿಗೆ ಮೊದಲು ಓದಿ ಹೇಳಬೇಕು, ಅವರು ಸರಿ ಎಂದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. "ಸಹಿ ಇಲ್ಲ, ಸುದ್ದಿ ಇಲ್ಲ. ನಾಲ್ಕು ಸಂಚಿಕೆ ಇಲ್ಲ, ಸರ್ಟಿಫಿಕೇಟ್ ಇಲ್ಲ ಲಾ" ಎಂದರು ಪುವಾನ್ ರೊಹಾನಾ.

ಸುಲಭ ಅಂದುಕೊಂಡೆ. ನಮ್ಮ ಕೇರಿಯವರನ್ನು ಮರೆತಿದ್ದೆ.

ವ್ಯವಸ್ಥೆ ಹೀಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಗಿರಿಜತ್ತೆ ರೇಷನ್ ಅಂಗಡಿಯಿಂದ ಸ್ಟ್ಯಾಂಪ್ ಪ್ಯಾಡ್ ಎರವಲು ತಂದು, ಫೋನನ್ನು ಸ್ಪೀಕರಿಗೆ ಹಾಕಿ, ಮನೆಮನೆಗೆ ಹೋಗುವುದು. ನಾನು ಇಲ್ಲಿಂದ ಓದುವುದು. ಅವರು ಅಲ್ಲಿಂದ ತಿದ್ದುವುದು. ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೆ ಮೂರನೇ ಮನೆಯ ಹೊತ್ತಿಗೆ ಅಷ್ಟೂ ಸುದ್ದಿ ಬಾಯಿಗೆ ಬಂದು, ನಾನು ಒಂದು ಪದ ಹಾರಿಸಿದರೂ "ಮೊದ್ಲು ಹೀಂಗೆ ಓದಿದ್ದಲ್ಲ ನೀನು" ಎಂದು ಹಿಡಿಯುತ್ತಿದ್ದಳು.

ಮೊದಲ ಸಂಚಿಕೆ. ಪಾರ್ವತಕ್ಕನಿಗೆ ಜ್ವರ ಎಂದು ಬರೆದೆ. ಓದಿ ಹೇಳುವ ಹೊತ್ತಿಗೆ ಪಾರ್ವತಕ್ಕ ಆರಾಮಾಗಿ ಬಟ್ಟೆ ಒಗೆಯುತ್ತಿದ್ದರು. ಜ್ವರ ಇಲ್ಲ, ಹೆಬ್ಬೆಟ್ಟು ಒತ್ತುವುದಿಲ್ಲ ಎಂದರು. ಗುಣವಾಗಿದ್ದಾರೆ ಎಂದು ತಿದ್ದಿದೆ. ಅತ್ತೆ ಮತ್ತೆ ಹೋಗುವಷ್ಟರಲ್ಲಿ ಜ್ವರ ಮರಳಿತ್ತು. "ಸುಳ್ಳು ಬರೀತಾಳೆ ಹುಡುಗಿ" ಎಂದು ಕಂಬಳಿಯೊಳಗಿಂದಲೇ ಹೇಳಿ ಕಳಿಸಿದರು. ಕೊನೆಗೆ "ಪಾರ್ವತಕ್ಕನವರಿಗೆ ಜ್ವರ ಬಂದು ಹೋಗಿ ಮಾಡುತ್ತಿದೆ" ಎಂದು ಹಾಕಿದ ಮೇಲೆ ಒಪ್ಪಿದರು.

ಎರಡನೆಯದರಲ್ಲಿ ಚಿರತೆ ನಾಯಿ ಹಿಡಿದ ಸುದ್ದಿ. ನಾಯಿಯ ಹೆಸರು ಟೈಗರ್ ಎಂಬುದೂ, ಅದು ಬದುಕಿದ್ದಾಗ ಯಾರನ್ನೂ ಸುಮ್ಮಸುಮ್ಮನೆ ಕಚ್ಚಿರಲಿಲ್ಲ ಎಂಬುದೂ ಇರಲೇಬೇಕೆಂದು ಮನೆಯವರ ಪಟ್ಟು. ಕಚ್ಚಿಸಿಕೊಂಡ ಇಬ್ಬರು ಪಕ್ಕದಲ್ಲೇ ನಿಂತಿದ್ದರು. ಅವರದೂ ಹೆಬ್ಬೆಟ್ಟು ಬೇಕಲ್ಲ? ಒಂದು ನಾಯಿಗೆ ಅರ್ಧ ಪುಟ ಹೋಯಿತು.

ಮೂರನೆಯದು ಹೇಗೋ ದಾಟಿತು. ನಾಲ್ಕನೆಯದಕ್ಕೆ ನನ್ನ ಹತ್ತಿರ ಒಂದು ನಿಜವಾದ ಜಗಳವಿತ್ತು.

ಪರಶು ಮಾವ, ಕೃಷ್ಣ ಮಾವ ಭಾವ-ಮೈದುನರು. ಮನೆಗೆ ಮನೆ ತಾಗಿಕೊಂಡಿದೆ. ಪರಶು ಮಾವನ ಹಲಸಿನ ಮರದ ಹಣ್ಣು ಕೃಷ್ಣ ಮಾವನ ಮಾಡಿನ ಮೇಲೆ ಬಿದ್ದು ಹೆಂಚು ಒಡೆಯಿತು. ಹಣ್ಣನ್ನು ಎರಡೂ ಮನೆಯವರು ತಿಂದು ಮುಗಿಸಿದರು. ಆಮೇಲೆ ಜಗಳ ಶುರುವಾಯಿತು. ಮಾತು ಬಿಟ್ಟರು. ಎಂಥ ಸುದ್ದಿ. ಇಡೀ ಪುಟ ಅವರಿಗೇ ಮೀಸಲಿಟ್ಟೆ.

ಓದಿ ಹೇಳಿದೆ. ಕೃಷ್ಣ ಮಾವ ಒಡೆದದ್ದು ಏಳು ಹೆಂಚು ಎಂದರು. ಪರಶು ಮಾವ ಮೂರು ಎಂದರು, ಉಳಿದ ನಾಲ್ಕು ಹಳೇ ಕಾಲದಿಂದ ಒಡೆದೇ ಇದ್ದವಂತೆ. ಸಹಿ ಬೇಕೆಂದರೆ ಲೆಕ್ಕ ಒಂದಾಗಬೇಕು. "ಹತ್ತಿ ನೋಡಿ ಬನ್ನಿ ಇಬ್ರೂ. ಪೇಪರ್ ಕಾಯ್ತಾ ಉಂಟು" ಎಂದಳು ಅತ್ತೆ.

ಏಣಿ ಹಾಕಿ ಇಬ್ಬರೂ ಹತ್ತಿದರು. ಎಣಿಸಿದರು. ಐದು. ಹೇಗೂ ಹತ್ತಿದ್ದಾಗಿದೆ, ಇಳಿದು ಮತ್ತೆ ಯಾರು ಹತ್ತುತ್ತಾರೆ ಎಂದು ಪರಶು ಮಾವ ತಮ್ಮ ಕೊಟ್ಟಿಗೆಯ ಹಿಂದಿದ್ದ ಹೆಂಚು ತರಿಸಿ, ಇಬ್ಬರೂ ಕೂತು ಹೊದಿಸಿದರು. ಇಳಿದು ಚಹಾ ಕುಡಿದರು.

ಸಹಿ ಕೇಳಿದರೆ, "ಯಾವ ಜಗಳ?" ಎಂದರು ಕೃಷ್ಣ ಮಾವ.

"ಆಗಿದ್ದು ನಿಜ ತಾನೆ ಮಾವ?" ನಾನು ಫೋನಿನಿಂದ ಗೋಗರೆದೆ.

"ಆಗಿತ್ತು. ಈಗ ಇಲ್ಲಲ್ಲ. ಇಲ್ಲದ ಜಗಳಕ್ಕೆ ಸಹಿ ಹಾಕೋಕೆ ನಂಗೇನು ಹುಚ್ಚಾ?"

ಹೋಯಿತು ಪುಟ. ಭಾನುವಾರ ಮಧ್ಯಾಹ್ನ. ಮಂಗಳವಾರ ಕೊನೆಯ ದಿನ. ಬೇರೆ ಸುದ್ದಿ ಇದೆಯೇ? ಅತ್ತೆ ಕೇರಿ ಪೂರ್ತಿ ಸುತ್ತಿದಳು. ಪಾರ್ವತಕ್ಕನ ಜ್ವರವೂ ಬಿಟ್ಟಿತ್ತು.

ಅಲಬಾಮಾ ಹುಡುಗನಿಗೆ ಹೇಳಿಕೊಂಡೆ. ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೋಟಿ ಹರಿಯುತ್ತ ಅವನು ಹೇಳಿದ, "ನಿನ್ನ ಹೆಬ್ಬೆಟ್ಟನ್ನೇ ಒತ್ತು. ಯಾರು ನೋಡ್ತಾರೆ ಲಾ?" ನನ್ನ ಹೆಬ್ಬೆಟ್ಟನ್ನು ನೋಡಿಕೊಂಡೆ. ಸತ್ಯ ಹೇಳುತ್ತೇನೆ, ಒಂದು ಕ್ಷಣಕ್ಕಿಂತ ಜಾಸ್ತಿಯೇ ನೋಡಿದೆ. ಆಮೇಲೆ ಫೋನಿನಲ್ಲಿ ಅತ್ತೆಯ ಹತ್ತು ಮಿಸ್ಡ್ ಕಾಲ್ ಕಂಡವು.

ಮಂಜಣ್ಣ ಅಷ್ಟರೊಳಗೆ ತಮ್ಮ ಪರಿಹಾರ ತಯಾರು ಮಾಡಿದ್ದರು. "ಹೇಳಿದ್ನಲ್ಲ ತಂಗಿ, ಸುದ್ದಿ ಖಾಲಿ ಆಗ್ತದೆ ಅಂತ. ಒಂದು ಕೆಲ್ಸ ಮಾಡು. ನಾಲ್ಕು ಜನ ಡಮಾಮಿ ಹಿಡ್ಕೊಂಡು ಕುಣೀಲಿ. ನಾನೇ ಫೋಟೊ ಹೊಡಿತೆ. ಪುಟ ತುಂಬ್ತದೆ."

ಡಮಾಮಿ ನಮ್ಮ ಚರ್ಮವಾದ್ಯ. ಪೇಟೆಯಿಂದ ಯಾವ ವರದಿಗಾರ ಬಂದರೂ ಮೊದಲು ಕೇಳುವುದು ಅದನ್ನೇ. ಒಮ್ಮೆ ಒಬ್ಬರು ಬಂದಾಗ ಪರಶು ಮಾವ ಪಂಚಾಯ್ತಿ ಮೀಟಿಂಗು ಮುಗಿಸಿ ಇಸ್ತ್ರಿ ಶರ್ಟಿನಲ್ಲಿ ಮನೆಗೆ ಬರುತ್ತಿದ್ದರು. ಕುಡಿಯುವ ನೀರಿನ ಪೈಪಿನ ಬಗ್ಗೆ ಹತ್ತು ನಿಮಿಷ ಹೇಳಿದರು. ಆ ವರದಿಗಾರರು ಎಲ್ಲ ಕೇಳಿ, ಶರ್ಟು ತೆಗೆದು ಸೊಂಟಕ್ಕೆ ಸೊಪ್ಪು ಕಟ್ಟಿಕೊಳ್ಳುತ್ತೀರಾ ಎಂದರು. ಪೇಪರಿನಲ್ಲಿ ಬಂದದ್ದು ಬೇರೆಯವರು ಕುಣಿಯುವ ಫೋಟೊ. ಪೈಪಿನ ಸುದ್ದಿ ಇವತ್ತಿಗೂ ಬಂದಿಲ್ಲ. ಪೈಪೂ ಬಂದಿಲ್ಲ.

ಮಂಜಣ್ಣನ ಸಲಹೆಯನ್ನು ಅತ್ತೆಗೆ ಹೇಳಿದೆ. ಸರ್ಟಿಫಿಕೇಟಿನ ಆಸೆ, ನೋಡಿ. ಕೇಳಿಯೇಬಿಟ್ಟೆ.

"ಡಮಾಮಿ ಹಬ್ಬಕ್ಕೆ ಹೊಡಿತೇವೆ. ಪೇಪರಿಗೆ ಹೊಡಿಯೂದಿಲ್ಲ" ಎಂದಳು. "ಏನೂ ಆಗ್ಲಿಲ್ಲ ಅಂತ ಬರಿ."

"ಅದು ಸುದ್ದಿಯಾ ಅತ್ತೆ?"

"ಸುಳ್ಳಾ?"

ಸುಳ್ಳಲ್ಲ. ಬರೆದೆ: ಈ ವಾರ ನಮ್ಮ ಕೇರಿಯಲ್ಲಿ ಏನೂ ಆಗಿಲ್ಲ. ಒಂದೇ ವಾಕ್ಯ. ಆದರೆ ಇದು ಯಾರ ಬಗ್ಗೆ ಬರೆದದ್ದು? ಕೇರಿಯ ಎಲ್ಲರ ಬಗ್ಗೆ. ಎಂದರೆ ಎಲ್ಲರಿಗೂ ಓದಿ ಹೇಳಬೇಕು, ಎಲ್ಲರ ಹೆಬ್ಬೆಟ್ಟೂ ಬೇಕು. ಸೋಮವಾರ ಆಫೀಸಿಗೆ ರಜೆ ಹಾಕಿದೆ. ಬೆಳಗಿನಿಂದ ಮನೆಮನೆಗೂ ಅದೇ ಒಂದು ವಾಕ್ಯವನ್ನು ಓದುತ್ತ ಹೋದೆ. ಎಲ್ಲ ಸರಿ ಹೋಗುತ್ತಿತ್ತು. ಇಪ್ಪತ್ತೆರಡನೇ ಮನೆಯಲ್ಲಿ ಸೀತಕ್ಕನ ತಕರಾರು.

"ನಮ್ಮ ಎಮ್ಮೆ ಕರು ಹಾಕಿತು. ಏನೂ ಆಗಿಲ್ಲ ಅಂದ್ರೆ ಹೆಂಗೆ?"

ತಿದ್ದಿದೆ. ತಿದ್ದಿದ ಮೇಲೆ ಸಹಿ ಹಾಕಿದ ಇಪ್ಪತ್ತೊಂದು ಮನೆಗೂ ಮತ್ತೆ ಹೋಗಿ ಓದಬೇಕಾಯಿತು. ಕೊನೆಗೆ ಅಚ್ಚಾದದ್ದು: "ಈ ವಾರ ನಮ್ಮ ಕೇರಿಯಲ್ಲಿ ಏನೂ ಆಗಿಲ್ಲ, ಸೀತಕ್ಕನವರ ಎಮ್ಮೆ ಹೆಣ್ಣು ಕರು ಹಾಕಿದ್ದು ಬಿಟ್ಟು." ಕೆಳಗೆ ಎಪ್ಪತ್ತು ಚಿಲ್ಲರೆ ಹೆಬ್ಬೆಟ್ಟು, ಸಹಿ. ಮುದ್ರಣ ಎಂದು ಮಂಜಣ್ಣನ ಹೆಸರಿದ್ದುದರಿಂದ ಅತ್ತೆ ಅವರನ್ನೂ ಬಿಡಲಿಲ್ಲ. "ನಾನು ಓದಿದವ, ಸಹಿ ಹಾಕ್ತೆ" ಎಂದರೂ ಕೇಳದೆ ಹೆಬ್ಬೆಟ್ಟನ್ನೇ ಒತ್ತಿಸಿದಳಂತೆ. ಕೈ ಒರೆಸಿಕೊಳ್ಳುತ್ತ ಮಂಜಣ್ಣ ಪ್ರಿಂಟ್ ಹಾಕಿದ್ದೇ ಹಾಕಿದ್ದು. ತನ್ನ ಹೆಬ್ಬೆಟ್ಟಿರುವ ಪತ್ರಿಕೆ ಯಾರಿಗೆ ಬೇಡ?

ಮಂಗಳವಾರ ಪುವಾನ್ ರೊಹಾನಾ, ಮಂಜಣ್ಣ ಸ್ಕ್ಯಾನ್ ಮಾಡಿ ಕಳಿಸಿದ ಆ ಹಾಳೆಯ ಪ್ರತಿಯನ್ನು ಬಹಳ ಹೊತ್ತು ಹಿಡಿದಿದ್ದರು. ನಾನು ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಹಿಂದಿನ ಜಗಳ, ಏಣಿ, ಡಮಾಮಿ, ಎಲ್ಲ ಹೇಳಿದೆ. ಅವರು ಅದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು, ನನಗೇ ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿದರು. ಸರಿಯಿದೆ ಎಂದೆ. ಪಾಸು ಎಂದು ಬರೆದರು.

"ನಿಮ್ಮ ಜನರಿಗೆ ಏನೂ ಆಗದ ವಾರವನ್ನು ಯಾರಾದರೂ ಹಿಂದೆ ವರದಿ ಮಾಡಿದ್ದರೇ?" ಎಂದರು. ಕರುವನ್ನು ಮರೆಯಬೇಡಿ ಮೇಡಂ ಎಂದೆ.

ಕಳೆದ ಶನಿವಾರ ಸರ್ಟಿಫಿಕೇಟ್ ಕೊಟ್ಟರು. ಬಾಡಿಗೆಯ ಕರಿ ಗೌನು ಹಾಕಿಕೊಂಡು ವೇದಿಕೆ ಹತ್ತಿದೆ. ವಿಡಿಯೊ ಕಾಲ್‌ನ ಆ ತುದಿಯಲ್ಲಿ ಝೆರಾಕ್ಸ್ ಅಂಗಡಿ: ಮುಂದೆ ಅತ್ತೆ, ಅವಳ ಎರಡು ಪಕ್ಕ ಮಾವಂದಿರು, ಹಿಂದೆ ಮೊಟ್ಟೆಯ ಟ್ರೇ ಸರಿಸಿಕೊಂಡು ಮಂಜಣ್ಣ. ಯಾರೋ ದೊಡ್ಡವರು ಕೈಗೆ ಕಾಗದ ಕೊಟ್ಟರು. ಕೆಳಗಿಳಿದು ಫೋನಿಗೆ ಹಿಡಿದೆ.

"ಓದೇ" ಎಂದಳು ಅತ್ತೆ.

ಹೆಸರು ಓದಿದೆ. ಸರಿಯಿತ್ತು. ಡಿಪ್ಲೊಮಾ ಓದಿದೆ. ಸರಿಯಿತ್ತು. ಮಂಜಣ್ಣ ಚಪ್ಪಾಳೆ ಹೊಡೆದರು. ಮೂರನೇ ಸಾಲು ದೇಶ. ಅದನ್ನೂ ಓದಿದೆ: ನೈಜೀರಿಯಾ.

ಅತ್ತೆ ಫೋನಿಗೆ ಮುಖ ಹತ್ತಿರ ತಂದಳು.

"ನಿನ್ನ ಬಗ್ಗೆ ಬರಿಯೂಕೆ ಮೊದ್ಲು ನಿಂಗೆ ಓದಿ ಹೇಳ್ಲಿಲ್ಲೇನೆ ಅವ್ರು?"