ಅಮರೇಶ್ವರಿಯ ಹೆಸರಿನಲ್ಲಿ ಹೋದ ಹುಕುಂ

ನಾನು ಸಂಶಯದ ಮನುಷ್ಯ. ಸಿಂಧನೂರಿನ ಒಂದು ಬೀಜದ ಕಂಪನಿಯಲ್ಲಿ ಹದಿನೆಂಟು ವರ್ಷ ಸ್ಟೋರ್ ಕೀಪರ್ ಆಗಿದ್ದವನಿಗೆ ಬೇರೆ ಬುದ್ಧಿ ಬರುವುದಾದರೂ ಹೇಗೆ? ಚೀಲದ ಹೊಲಿಗೆ ನೋಡಿ, ಡ್ರೈವರನ ಮುಖ ನೋಡಿ, ಆಮೇಲೆಯೇ ಗೇಟು ತೆಗೆಸುತ್ತೇನೆ. ನನಗಿಂತ ಹೆಚ್ಚಿನ ಸಂಶಯದವರನ್ನು ಕಂಡಿದ್ದು ಒಬ್ಬರನ್ನೇ. ಅವಳು ಗುರುಗುಂಟಾದ ಅಮರೇಶ್ವರಿ, ನಮ್ಮ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವಳು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮೂರೂ ಗೋದಾಮುಗಳ ಕಾರಬಾರು ಈಗ ಒಂದೇ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ. ಗೇಟ್ ಪಾಸ್ ಇಲ್ಲದೆ ಲಾರಿ ಕದಲುವುದಿಲ್ಲ. ಪಾಸ್ ಕೊಡುವ ಅಧಿಕಾರವನ್ನು ಹೊಸಬರಿಗೆ ಕೊಡಬಲ್ಲ ಅಡ್ಮಿನ್ ಖಾತೆ ಇದ್ದಿದ್ದು ಅಮರೇಶ್ವರಿಯೊಬ್ಬಳಿಗೆ. ಪಾಸ್‌ವರ್ಡ್ ಹೊಡೆಯುವಾಗ ಸೆರಗಿನಿಂದ ಕೀಬೋರ್ಡ್ ಮುಚ್ಚುತ್ತಿದ್ದಳು. ನೀರು ಕುಡಿಯಲು ಎದ್ದರೂ ಲಾಗೌಟ್. ಒಮ್ಮೆ ಜ್ವರ ಬಂದು ಮಲಗಿದ್ದಾಗ ಮಾಲೀಕ ಅಮರಗುಂಡಪ್ಪನವರೇ ಫೋನಿನಲ್ಲಿ ಕೇಳಿದರೂ ಹೇಳಲಿಲ್ಲ. ಶಾಲು ಹೊದ್ದು ಆಟೋದಲ್ಲಿ ಬಂದಳು, ತಾನೇ ಹೊಡೆದಳು, ಹೋಗಿ ಮತ್ತೆ ಮಲಗಿದಳು. ಇಷ್ಟೊಂದು ಜೋಪಾನ ಮಾಡುವವರ ಹೊಟ್ಟೆಯಲ್ಲಿ ಏನೋ ಇರಬೇಕು ಅಂತ ನನಗೆ ಆಗಲೇ ಅನ್ನಿಸಿತ್ತು, ಮಾಲೀಕರಿಗೂ ಹೇಳಿದ್ದೆ.

ಇಂಥವಳೂ ಲಾಗೌಟ್ ಮಾಡುವಂತಿಲ್ಲದ ಹೊತ್ತು ಒಂದಿತ್ತು. ಅಮಾವಾಸ್ಯೆಯ ಸಂಜೆ ನಮ್ಮಲ್ಲಿ ತಕ್ಕಡಿ, ಗಲ್ಲಾಗಳ ಜೊತೆ ಕಂಪ್ಯೂಟರಿಗೂ ಪೂಜೆ. ಪರದೆಯ ಮೇಲೆ ಮೂರೂ ಗೋದಾಮುಗಳ ಹಸಿರು ದೀಪ ಕಾಣಬೇಕು ಅನ್ನುವುದು ಮಾಲೀಕರ ಹಟ.

“ಬಾಗಿಲಾ ಹಾಕಿದ ಅಂಗಡಿಗೆ ಯಾರರ ಆರತಿ ಮಾಡ್ತಾರೇನವಾ? ತಗದಿಡು,” ಎಂದು ಪ್ರತಿ ಸಲವೂ ಅನ್ನುತ್ತಿದ್ದರು.

ಈ ವರ್ಷದ ಒಂದು ಅಮಾವಾಸ್ಯೆಯಂದು ಹಾಗೇ ಆಯಿತು. ಆರತಿ ತಟ್ಟೆ ಸಿದ್ಧವಾಗಿತ್ತು. ಜವಳಗೇರಾದಲ್ಲಿ ಪುರಾಣ ಪ್ರವಚನ ಹಚ್ಚುತ್ತಾರೆ ಅಂತ ಆಮಂತ್ರಣದ ಲಿಂಕೊಂದು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. “ದೊಡ್ಡ ಪರದೆ ಮ್ಯಾಲ ಹಚ್ಚು, ಎಲ್ಲಾರೂ ನೋಡೂಣು,” ಎಂದರು ಮಾಲೀಕರು. ಅಮರೇಶ್ವರಿ ಸ್ವಲ್ಪ ಹಿಂದೆಮುಂದೆ ನೋಡಿ, ತನ್ನ ಲಾಗಿನ್ ಮುಚ್ಚದೆ ಅದರ ಪಕ್ಕದಲ್ಲೇ ತೆರೆದಳು. ಪರದೆ ತುಂಬ ಹೂವು ಉದುರಿದವು, ಗಂಟೆ ಮೊಳಗಿತು. ನಾವೆಲ್ಲ ಕೈ ಮುಗಿದೆವು.

ಮೂರು ದಿನದ ಮೇಲೆ ಮಸ್ಕಿ ಗೋದಾಮಿನಿಂದ ಎರಡು ಲಾರಿ ಬಿತ್ತನೆ ಭತ್ತ ಮಾಯವಾಯಿತು. ಪಾಸ್ ಸರಿಯಾಗಿಯೇ ಇತ್ತು. ಕೊಟ್ಟಿದ್ದು ‘ಮೇಲ್ವಿಚಾರಕ’ ಎಂಬ ಹೊಸ ಖಾತೆ. ಅದನ್ನು ಹುಟ್ಟಿಸಿದವರು ಯಾರೆಂದು ನೋಡಿದರೆ ದಾಖಲೆಯಲ್ಲಿ ಅಮರೇಶ್ವರಿಯ ಹೆಸರು, ಅಮಾವಾಸ್ಯೆಯ ಸಂಜೆ ಆರು ಹನ್ನೆರಡು.

“ನಾ ಹೇಳಿದ್ದಿಲ್ಲೇನ್ರಿ? ಪಾಸ್‌ವರ್ಡ್ ಆಕಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಮತ್ಯಾರು ಮಾಡ್ತಾರ?” ಎಂದೆ ನಾನು. ಮಾಲೀಕರು ತಲೆಯಾಡಿಸಿದರು. ಅವಳು ಆಫೀಸಿಗೆ ಬರಕೂಡದು ಎಂಬ ನೋಟೀಸು ಗೋಡೆಗೆ ಬಿತ್ತು. ಅಕ್ಷರ ನನ್ನದೇ. ಅದರ ಫೋಟೋ ಮೂರೂ ಊರಿಗೆ ಹೋಯಿತು. ಗುರುಗುಂಟಾಕ್ಕೂ ಹೋಯಿತು. ಅವಳ ತಾಯಿ ಗ್ಯಾನಮ್ಮ ಫೋನ್ ಮಾಡಿ, “ಖರೇ ಹೇಳವಾ, ನೀ ಏನರ ಮಾಡೀಯೇನು?” ಎಂದು ಕೇಳಿದಳಂತೆ. ಅಮರೇಶ್ವರಿ ಅತ್ತಿದ್ದು ಆ ಮಾತಿಗೆ ಮಾತ್ರ.

ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಕಳ್ಳಿ ಅನ್ನಿಸಿಕೊಂಡವಳಿಗೆ ಈ ಮೂರು ಊರಲ್ಲಿ ಯಾರು ಕಂಪ್ಯೂಟರ್ ಮುಟ್ಟಲು ಕೊಡುತ್ತಾರೆ? ಅದು ಅವಳಿಗೂ ಗೊತ್ತಿತ್ತು. ದಿನಾ ಹತ್ತಕ್ಕೆ ಬಂದು ಗೇಟಿನ ಹೊರಗೆ ನಿಂತು ಒಂದೇ ಮಾತು: “ತಿಳಿದವ್ರನ್ನ ಕರಿಸ್ರಿ. ನನ್ನ ಮುಂದ ನೋಡಸ್ರಿ.” ನನಗೆ ಅದೂ ನಾಟಕವೆನಿಸಿತು. ಐದನೆಯ ದಿನ ಮಾಲೀಕರು ಬೇಸತ್ತು ಮಸ್ಕಿಯಿಂದ ಕಂಪ್ಯೂಟರ್ ಬಲ್ಲ ಆಸೀಫನನ್ನು ಕರೆಸಿ, ಅವಳನ್ನೂ ಒಳಗೆ ಬಿಟ್ಟರು.

ಆಸೀಫ್ ಎರಡು ತಾಸು ಕೂತ. ಆಮೇಲೆ ಕೇಳಿದ: “ಆರು ಹನ್ನೆರಡಕ್ಕ ಈ ಪುರಾಣದ ಪೇಜ್ ಯಾಕ ತಗದಿದ್ರಿ?”

“ಪೂಜಾ ನಡದಿತ್ತು,” ಎಂದರು ಮಾಲೀಕರು.

“ಪಾಸ್‌ವರ್ಡ್ ಯಾರೂ ಕದ್ದಿಲ್ರೀ. ಅದರ ಜರೂರತ್ತೇ ಬಿದ್ದಿಲ್ಲ. ಅಕ್ಕಾರು ಸಾಫ್ಟ್‌ವೇರಿನ್ಯಾಗ ಲಾಗಿನ್ ಇದ್ರು, ಪಕ್ಕದಾಗ ಈ ಪೇಜ್ ತೆರೀತು. ಹೂವು ಉದುರಿಸ್ಕೋತ, ಹಿಂದಿಂದ ಒಂದು ಹುಕುಂ ಕಳಿಸೈತಿ, ಹೊಸಾ ಖಾತೆ ಮಾಡು, ಅದಕ್ಕ ಪಾಸ್ ಕೊಡೂ ಅಧಿಕಾರ ಕೊಡು ಅಂತ. ಅಕ್ಕಾರ ಬ್ರೌಸರಿನಿಂದ ಬಂತಲ್ಲ, ಅವರೇ ಕೇಳ್ಯಾರ ಅಂತ ಸಾಫ್ಟ್‌ವೇರ್ ನಂಬೈತಿ. ಮಾಲೀಕರ ಮನಿ ಆಳು ಚೀಟಿ ತಂದ್ರ, ಬರದವ್ರು ಯಾರು ಅಂತ ನೀವು ಕೇಳ್ತೀರೇನು? ಹಂಗ. ಪ್ರತಿ ಫಾರ್ಮಿಗೂ ಒಂದು ಗುಪ್ತ ಗುರುತು ಇಡಬೇಕಿತ್ತು. ಹೊರಗಿನ ಪೇಜಿಗೆ ಅದು ಸಿಗಂಗಿಲ್ಲ, ಅದಿಲ್ಲದ ಹುಕುಂ ನಡಿಯಂಗಿಲ್ಲ. ಈ ಸಾಫ್ಟ್‌ವೇರ್ ಮಾಡಿದ ಕಂಪನಿಯವ್ರು ಇಟ್ಟೇ ಇಲ್ಲ.”

ಅವನು ಮಾಲೀಕರ ಫೋನೆತ್ತಿ ಗ್ರೂಪಿನಲ್ಲಿ ಹಿಂದೆ ಹಿಂದೆ ಹೋದ. “ಈ ಲಿಂಕ್ ಹಾಕಿದವ್ರು ಬಸವಲಿಂಗ. ಯಾರ್ರೀ ಅವರು?”

ನಾನೇ. ಗುರುತಿಲ್ಲದ ನಂಬರಿನಿಂದ ಬಂದಿದ್ದನ್ನು, ದೇವರ ಕೆಲಸವಲ್ಲವೇ ಅಂತ, ನೋಡದೆ ಮುಂದೆ ತಳ್ಳಿದ್ದೆ. ತಳ್ಳಿದ್ದು ಮರೆತೂ ಹೋಗಿತ್ತು. ಎಲ್ಲರ ಮೇಲೂ ಸಂಶಯಪಟ್ಟವನು ನನ್ನ ಬೆರಳನ್ನು ಮಾತ್ರ ಬಿಟ್ಟಿದ್ದೆ. ಪೊಲೀಸರು ನನ್ನ ಫೋನ್ ಒಯ್ದರು. ಆ ನಂಬರ್ ಯಾರದೋ ಇನ್ನೂ ಗೊತ್ತಾಗಿಲ್ಲ, ಆದರೆ ನಮ್ಮ ಸಾಫ್ಟ್‌ವೇರ್ ಬಲ್ಲವರದೇ. ಈಗಲೂ ಆಫೀಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

“ಆತು ಬಿಡವಾ, ನಾಳಿಂದ ಬಾ,” ಎಂದರು ಮಾಲೀಕರು.

“ನೋಟೀಸು ಹಚ್ಚಿ ಕಳಿಸೀರಿ. ನೋಟೀಸು ಹಚ್ಚೇ ಕರೀರಿ,” ಎಂದಳು ಅಮರೇಶ್ವರಿ.

ಬರೆಯುವ ಕೆಲಸ ಮತ್ತೆ ನನಗೇ ಬಂತು. ‘ಈ ಪ್ರಕರಣದಲ್ಲಿ ಅಮರೇಶ್ವರಿಯವರ ತಪ್ಪಿಲ್ಲ’ ಎಂದು ಬರೆದು ಅವಳ ಮುಂದೆ ಇಟ್ಟೆ. ಎರಡು ಸಲ ಓದಿದಳು.

“ನಿಮಗ ನನ್ನ ಮ್ಯಾಲ ಸಂಶಯ ಬಂದಾಗ ನನ್ನ ಹೆಸರು ಪೂರಾ ಬರದಿದ್ರಿ, ನಮ್ಮಪ್ಪನ ಹೆಸರು, ಊರು ಸಹಿತ. ಲಿಂಕ್ ಹಾಕಿದವ್ರು ಯಾರಂತ ಇದರಾಗ ಇಲ್ಲಲ್ರೀ?”

ಮಾಲೀಕರು ಕಿಟಕಿಯ ಕಡೆ ತಿರುಗಿದರು. ನಾನು ಹಾಳೆಯನ್ನು ನನ್ನ ಕಡೆ ಎಳೆದುಕೊಂಡು ಬರೆದೆ: ಲಿಂಕ್ ಹಾಕಿದವನು ಬಸವಲಿಂಗ, ತಂದೆ ಮುದುಕಪ್ಪ, ಸಾಕಿನ್ ದಢೇಸುಗೂರು. ಅವಳೇ ಅದರ ಫೋಟೋ ತೆಗೆದು, ಎಲ್ಲರಿಗಿಂತ ಮೊದಲು ಅವ್ವನಿಗೆ ಕಳಿಸಿದಳು.