ಕ್ಲೋರಿನ್ನಿನ ಕಡೆಯವರು

ಹೆಂಡತಿಗೆ ಸ್ಕೂಟರ್ ಕಲಿಸಬಹುದು, ಮೊಬೈಲಿನಲ್ಲಿ ರೈಲು ಟಿಕೆಟ್ ತೆಗೆಯುವುದನ್ನು ಕಲಿಸಬಹುದು, ಎದೆಗಾರಿಕೆ ಇದ್ದರೆ ಕಾರನ್ನೂ ಕಲಿಸಬಹುದು. ಪರಮಾಣುವಿನ ರಚನೆಯನ್ನು ಮಾತ್ರ ಕಲಿಸಲು ಹೋಗಬಾರದು. ಅನುಭವದ ಮಾತು ಇದು. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಕೊಟ್ಟೂರಿನಿಂದ ಹರಪನಹಳ್ಳಿಗೆ ಯಾವ ಬಸ್ಸು ಹತ್ತಿದರೂ ನನ್ನ ಕೈಯಲ್ಲಿ ಕಲಿತವನೊಬ್ಬ ಎದ್ದು ಸೀಟು ಬಿಟ್ಟುಕೊಡುತ್ತಾನೆ. ನನ್ನನ್ನು ಕಂಡ ಕೂಡಲೇ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುವವರೂ ಉಂಟು. ಅದನ್ನೂ ನಾನು ಗೌರವವೆಂದೇ ತಿಳಿದಿದ್ದೇನೆ.

ನನ್ನ ಹೆಂಡತಿ ನೀಲಾ ನಮ್ಮ ಓಣಿಯ ಶಿಶುವಿಹಾರದಲ್ಲಿ ಟೀಚರ್. ಅಳುವ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಇನ್ನೊಂದರ ಮೂಗು ಒರೆಸುತ್ತ, ಮೂರನೆಯದಕ್ಕೆ 'ಅ ಆ ಇ ಈ' ಹೇಳಿಕೊಡುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನವೊಂದು ಉಳಿದುಹೋಗಿತ್ತು. ನಮ್ಮ ಮದುವೆಯಲ್ಲಿ ಜಾತಕ ನೋಡಿದರು, ಮೈಬಣ್ಣ ನೋಡಿದರು, ರೊಟ್ಟಿ ಬಡಿಸಿ ನೋಡಿದರು. ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ. ಹೋದ ವರ್ಷ ಶಿಶುವಿಹಾರಕ್ಕೆ ಹೊಸ ಆಡಳಿತ ಮಂಡಳಿ ಬಂತು. ಹೊಸ ಕಾರ್ಯದರ್ಶಿಗಳು ಮೊದಲು ಗೇಟಿಗೆ ಬಣ್ಣ ಬಳಿಸಿದರು, ಆಮೇಲೆ ಎಸ್ಸೆಸ್ಸೆಲ್ಸಿ ಪಾಸಾಗದವರು ಮುಂದಿನ ಜೂನ್‌ನಿಂದ ಬರುವುದು ಬೇಡವೆಂದರು. ಮೂಗು ಒರೆಸುವುದಕ್ಕೂ ಸೋಡಿಯಂ ಧಾತುವಿನ ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಎಂಬುದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಗುಣಮಟ್ಟ ಎಂಬ ಮಾತು ಬಂದ ಮೇಲೆ ಸಂಬಂಧ ಕೇಳುವುದು ಅನಾಗರಿಕತೆ.

ಆ ದಿನ ನೀಲಾ ಮನೆಗೆ ಬಂದವಳೇ ಮುಖ ತೊಳೆಯದೆ ಹೊಸ್ತಿಲ ಮೇಲೆ ಕುಳಿತಳು. "ಮನಿಯಾಗ ಖಾಲಿ ಕುಂತು ನಾನು ಯಾರ ಮೂಗು ಒರೆಸಲಿ?" ಎಂದಳು. "ಪರೀಕ್ಷೆಗೆ ಕಟ್ಟು, ನಾನು ಹೇಳಿಕೊಡ್ತೀನಿ," ಎಂದೆ. ಸುಳ್ಳೇಕೆ, ಅದರ ಹಿಂದೆಯೇ ಒಂದು ದಿಗಿಲೂ ಎದ್ದಿತು. ಈಕೆ ಪರೀಕ್ಷೆಗೆ ಕೂತು ಮತ್ತೆ ವಿಜ್ಞಾನದಲ್ಲೇ ಫೇಲಾದರೆ ಸ್ಟಾಫ್ ರೂಮಿನಲ್ಲಿ ನನ್ನ ಗತಿಯೇನು? ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಕನ್ನಡ ಮೇಷ್ಟ್ರು ಆಗಲೇ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು.

ಪಾಠ ಅಡುಗೆಮನೆಯಲ್ಲೇ ಶುರುವಾಯಿತು. ಆಕೆ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲಿಗೆ ಒರಗಿ ಎಲೆಕ್ಟ್ರಾನಿನ ಬಗ್ಗೆ ಹೇಳುತ್ತಿದ್ದೆ. ಎಲೆಕ್ಟ್ರಾನು ಈ ಕ್ಷಣದಲ್ಲಿ ಇಂಥಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಲಾಗದು, ಇರುವ ಸಂಭವ ಎಲ್ಲಿ ಹೆಚ್ಚು ಎಂದಷ್ಟೇ ಹೇಳಬಹುದು ಎಂದೆ. ಇದು ಎಸ್ಸೆಸ್ಸೆಲ್ಸಿಗೆ ಬೇಕಿರಲಿಲ್ಲ, ನನ್ನ ಜಂಬಕ್ಕೆ ಬೇಕಿತ್ತು.

"ನಮ್ಮ ಇಮಾಮ್ ಸಾಬ್ ಇದ್ದಂಗ," ಎಂದಳು, ರೊಟ್ಟಿ ತಿರುವುತ್ತ.

ಇಮಾಮ್ ಸಾಬ್ ನಮ್ಮ ಬೈಕಿನ ಮೆಕ್ಯಾನಿಕ್. ಅವನ ಅಂಗಡಿಗೆ ಯಾವಾಗ ಹೋದರೂ ಬಾಗಿಲು ತೆಗೆದಿರುತ್ತದೆ, ಬಿಚ್ಚಿದ ಎಂಜಿನ್ ಇರುತ್ತದೆ, ಅರ್ಧ ಕುಡಿದ ಚಹಾ ಇನ್ನೂ ಬಿಸಿಯಾಗಿರುತ್ತದೆ. ಅವನು ಮಾತ್ರ ಇರುವುದಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನನ್ನು ಕೇಳಿದರೆ "ಇಲ್ಲೇ ಇದ್ದ ನೋಡ್ರಿ" ಎನ್ನುತ್ತಾನೆ. ಫೋನು ಮಾಡಿದರೆ "ಇಲ್ಲೇ ಅದೀನ್ರಿ ಸರ್, ಬಂದೆ" ಎಂಬ ಉತ್ತರ. ಅವನು ಬರುತ್ತಿದ್ದರೆ ಎಲ್ಲಿದ್ದಾನೆಂದು ತಿಳಿಯದು. ಎಲ್ಲಿದ್ದಾನೆಂದು ತಿಳಿದುಬಿಟ್ಟರೆ ಬರುತ್ತಿಲ್ಲವೆಂದೇ ಅರ್ಥ. ಇದನ್ನು ಕಂಡುಹಿಡಿಯಲು ದೊಡ್ಡ ದೊಡ್ಡ ವಿಜ್ಞಾನಿಗಳು ತಲೆಗೂದಲು ಕಿತ್ತುಕೊಂಡರು. ಒಮ್ಮೆ ನಮ್ಮೂರಿನಲ್ಲಿ ಬೈಕು ರಿಪೇರಿಗೆ ಬಿಟ್ಟಿದ್ದರೆ ಕೂದಲಾದರೂ ಉಳಿಯುತ್ತಿತ್ತು. ನಾನೋ, ಈ ತನಕ ಹುಡುಗರಿಗೆಲ್ಲ ಎಲೆಕ್ಟ್ರಾನು ಸೂರ್ಯನ ಸುತ್ತ ಗ್ರಹ ತಿರುಗಿದ ಹಾಗೆ ತಿರುಗುತ್ತದೆ ಎಂದೇ ಹೇಳಿಕೊಂಡು ಬಂದಿದ್ದೆ. ಅದು ತಪ್ಪೆಂದು ಗೊತ್ತಿತ್ತು, ಆದರೆ ಬೋರ್ಡಿನ ಮೇಲೆ ಚಿತ್ರ ಬಿಡಿಸಲು ಸುಲಭ.

ಮುಂದೆ ಆವರ್ತ ಕೋಷ್ಟಕ. ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ನ್ಯೂಕ್ಲಿಯಸ್ಸಿನ ಬಲ ಹೆಚ್ಚುತ್ತದೆ, ಅದು ಎಲೆಕ್ಟ್ರಾನುಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಪರಮಾಣುವಿನ ಗಾತ್ರ ಚಿಕ್ಕದಾಗುತ್ತದೆ ಎಂದೆ.

"ಬಲ ಹೆಚ್ಚಾದಂಗ ಮೈ ಸಣ್ಣಾಗೋದಾ? ಹೋಗ್ರಿ, ಅಚ್ಚಿನ ತಪ್ಪು ಇರಬೇಕು," ಎಂದಳು. "ನಮ್ಮ ವಾರ್ಡಿನ ಮೆಂಬರ್‍ನ ನೋಡ್ರಿ. ಆರಿಸಿ ಬರೋಕಿಂತ ಮೊದಲು ಸೈಕಲ್ ಕ್ಯಾರಿಯರ್ ಮ್ಯಾಲ ಹಿಡಿಸ್ತಿದ್ದ. ಈಗ ಆಟೋದಾಗ ಒಬ್ಬನ ಕುಂದ್ರತಾನ."

ಪರಮಾಣುಗಳು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಸಮಾಧಾನ ಹೇಳಿ ಮುಂದಕ್ಕೆ ಹೋದೆ. ಕೋಷ್ಟಕದ ಬಲತುದಿಯಲ್ಲಿ ಹೀಲಿಯಂ, ನಿಯಾನ್ ಮುಂತಾದ ರಾಜಾನಿಲಗಳಿವೆ. ಹೊರಕವಚ ತುಂಬಿದೆ, ಯಾರಿಂದ ಏನೂ ಬೇಕಿಲ್ಲ, ಯಾರಿಗೂ ಏನೂ ಕೊಡುವುದಿಲ್ಲ, ಯಾವುದಕ್ಕೂ ಪ್ರತಿಕ್ರಿಯೆ ಇಲ್ಲ. ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳಲ್ಲಿ ಇವರನ್ನು ನಾನು ದಿನಾ ಕಾಣುತ್ತೇನೆ. ಇನ್ನು ಕಂಬಸಾಲಿನಲ್ಲಿ ಕೆಳಗಿಳಿದಂತೆ ಕವಚಗಳು ಹೆಚ್ಚುತ್ತವೆ, ತೀರ ಹೊರಗಿನ ಎಲೆಕ್ಟ್ರಾನಿನ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲವಾಗುತ್ತದೆ, ಯಾರು ಕರೆದರೂ ಅದು ಎದ್ದು ಹೋಗಿಬಿಡುತ್ತದೆ. ಹರಪನಹಳ್ಳಿಯ ನಮ್ಮ ದೊಡ್ಡಪ್ಪನ ತುಂಬಿದ ಮನೆಯಲ್ಲಿ ಕೊನೆಯ ಅಳಿಯ ಇದ್ದಾನಲ್ಲ, ಹಾಗೆ ಎಂದೆ. "ಪಾಪ, ಅಳಿಯನ್ನ ಯಾಕ ಅಂತೀರಿ? ಯಾರರ ಚಾ ಅಂದ್ರ ಚಪ್ಪಲಿ ಹುಡುಕೋರು ನೀವು," ಎಂದಳು. ನಾನು ಪುಟ ತಿರುವಿದೆ.

ನಿಜವಾದ ಜಗಳ ಶೇಂಗಾದಿಂದ ಬಂತು. ಒಂದು ಸಂಜೆ ತಟ್ಟೆಯಲ್ಲಿ ಶೇಂಗಾ ಬೀಜ ಜೋಡಿಸಿ ಸೋಡಿಯಂ ಪರಮಾಣು ಮಾಡಿದೆ. ಒಳಗೆ ಎರಡು, ಅದರ ಆಚೆ ಎಂಟು, ತೀರ ಹೊರಗೆ ಒಂದೇ ಒಂದು. ಕನ್ನಡಕ ತರಲು ಹೋಗಿ ಬರುವಷ್ಟರಲ್ಲಿ ಆ ಒಂದು ಮಾಯ. ಆಕೆಯ ದವಡೆ ಆಡುತ್ತಿತ್ತು.

ಸಿಟ್ಟು ನುಂಗಿಕೊಂಡು ಅದನ್ನೇ ಪಾಠ ಮಾಡಿದೆ. "ನೋಡು, ಈಗ ಇದು ಒಂದು ಎಲೆಕ್ಟ್ರಾನ್ ಕಳಕೊಂತು. ಆದ್ದರಿಂದ ಇದು ಧನ ಅಯಾನು ಆತು."

"ಕಳಕೊಂಡ ಮ್ಯಾಲ ಧನ ಹೆಂಗಾತ್ರಿ?"

"ಎಲೆಕ್ಟ್ರಾನಿನದು ಋಣ ವಿದ್ಯುತ್ತು. ಋಣ ಹೋತು, ಧನ ಉಳೀತು. ಉಪ್ಪಿನಾಗ ಅದನ್ನ ಇಸಕೊಂಡ ಕ್ಲೋರಿನ್ನು ಋಣ ಅಯಾನು ಆತು."

ನೀಲಾ ಶೇಂಗಾ ತಿನ್ನುವುದನ್ನು ನಿಲ್ಲಿಸಿದಳು. ವಿಜ್ಞಾನದ ಪಾರಿಭಾಷಿಕ ಪದಗಳನ್ನು ಮಾಡಿದ ಬಡಪಾಯಿ ಪಂಡಿತರು, ಮುಂದೆಂದೋ ನೀಲಾಳಂಥ ಹಂಪಸಾಗರದ ಹೆಣ್ಣುಮಗಳೊಬ್ಬಳು ಅವುಗಳ ಅರ್ಥವನ್ನು ಅರ್ಥವೆಂದೇ ತಿಳಿದುಕೊಂಡಾಳು ಎಂದು ಊಹಿಸಿರಲಿಕ್ಕಿಲ್ಲ.

"ಅಂದ್ರ ಕೊಟ್ಟೋರು ಧನ, ಇಸಕೊಂಡೋರು ಋಣದಾಗ," ಎಂದಳು. "ಸರಿ ಐತಿ. ಕೊಟ್ಟ ಮ್ಯಾಲ ಸೋಡಿಯಂ ಗಾತ್ರ ಏನಾಗ್ತೈತಿ?"

"ಸಣ್ಣದಾಗ್ತೈತಿ. ಹೊರಕವಚನ ಹೋತಲ್ಲ."

"ಇಸಕೊಂಡ ಕ್ಲೋರಿನ್ನು?"

"ಉಬ್ಬತೈತಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾಲ ಮಿಂಚಿತ್ತು.

"ಹಂಗ ಹೇಳ್ರಿ ಮತ್ತ! ನಮ್ಮಪ್ಪ ಹೊಟ್ಟಿಲೆ ಹುಟ್ಟಿದ ಮಗಳನ್ನ ಕೊಟ್ಟು ಮಂಟಪದಾಗ ಕೈ ಮುಗಕೊಂಡು ಸಣ್ಣಾಗಿ ನಿಂತಿದ್ದ. ಇಸಕೊಂಡ ಋಣ ನಿಮ್ಮ ಕಡಿಯೋರದು, ಉಬ್ಬಿದೋರೂ ನಿಮ್ಮ ಕಡಿಯೋರ! ಗೋಧಿ ಹುಗ್ಗಿಗೆ ತುಪ್ಪ ಕಡಿಮಿ ಆತಂತ ನಿಮ್ಮ ದೊಡ್ಡಪ್ಪ ಹಂದರದ ಹೊರಗ ಹೋಗಿ ಕುಂತಿದ್ರಲ್ಲ, ಯಾವ ಅಯಾನು ಅವರು?"

ಯೋಚಿಸಿ ನೋಡಿದರೆ ಕನ್ನಡ ಭಾಷೆಯೇ ಆಕೆಯ ಪಕ್ಷ. ಮಗಳನ್ನು ಕೊಟ್ಟು ತಂದುಕೊಂಡವರಿಗೆ ನಾವು ಬೀಗರು ಎನ್ನುತ್ತೇವೆ, ಉಬ್ಬುವುದಕ್ಕೆ ಬೀಗುವುದು ಎನ್ನುತ್ತೇವೆ. ವ್ಯಾಕರಣದವರು ಎರಡಕ್ಕೂ ಸಂಬಂಧವಿಲ್ಲ ಎಂದಾರು; ಅವರೂ ಗಂಡಿನ ಕಡೆಯವರೇ ಇರಬೇಕು. ನಾನಂತೂ ಆ ಹೊತ್ತಿನಲ್ಲಿ ಮೇಷ್ಟ್ರ ಗತ್ತನ್ನು ಬಿಡಲಿಲ್ಲ. "ಈ ಹಾಳು ಹರಟಿ ಪರೀಕ್ಷೆಯಾಗ ಬರದ್ರ ಸೊನ್ನೆ ಹಾಕ್ತಾರ. ಪುಸ್ತಕದಾಗ ಇದ್ದಂಗ ಉರು ಹೊಡಿ," ಎಂದು ಅಯಾನಿಕ ಬಂಧದ ವ್ಯಾಖ್ಯೆಯನ್ನು ಗಟ್ಟಿಯಾಗಿ ಓದಿಸಿದೆ. ಆಕೆ ಪಾತ್ರೆ ತೊಳೆಯುತ್ತ ಹೇಳಿದಳು, ಬಟ್ಟೆ ಹಿಂಡುತ್ತ ಹೇಳಿದಳು. ಒಂದಕ್ಷರ ತಪ್ಪುತ್ತಿರಲಿಲ್ಲ. ನನ್ನ ಮಾನ ಭದ್ರವಾಯಿತೆಂದು ನಾನು ನೆಮ್ಮದಿಯಾಗಿದ್ದೆ.

ಪರೀಕ್ಷೆಯ ಕೇಂದ್ರ ಕೂಡ್ಲಿಗಿಯಲ್ಲಿ. ಹದಿಹರೆಯದ ಹುಡುಗ ಹುಡುಗಿಯರ ನಡುವೆ ನೀಲಾ ಸೆರಗು ಬಿಗಿದು ಒಳಗೆ ಹೋದಳು. ನಾನು ಹೊರಗೆ ಬೇವಿನ ಮರದ ಕೆಳಗೆ, ಪಾಲಕರ ಗುಂಪಿನಲ್ಲಿ ನಿಂತೆ. "ಯಾರನ್ನ ಕರಕೊಂಡು ಬಂದೀರಿ ಸರ್? ಮಗಳೇನು?" ಎಂದು ಒಬ್ಬರು ಕೇಳಿದರು. ಹೂಂ ಅನ್ನಲೂ ಆಗದೆ ಊಹೂಂ ಅನ್ನಲೂ ಆಗದೆ ಬಿಸಿಲಿನ ಬಗ್ಗೆ ಮಾತಾಡಿದೆ.

ಗಂಟೆ ಹೊಡೆಯಿತು. ಹೊರಗೆ ಬಂದಳು. ಅಯಾನಿಕ ಬಂಧ ಬಂದಿತ್ತಂತೆ.

"ವ್ಯಾಖ್ಯೆ ಬರದಿಯಲ್ಲ?"

"ಬರದೆ," ಎಂದಳು. ಬಿಗಿದ ಸೆರಗು ಸಡಿಲಿಸಿಕೊಂಡು, "ಒಬ್ಬರು ಕೊಟ್ಟು, ಇನ್ನೊಬ್ಬರು ಇಸಕೊಂಡು, ಆಮ್ಯಾಲ ಒಬ್ಬರನ್ನೊಬ್ಬರು ಬಿಡಲಾರದಂಗ ಆಗೋದಕ್ಕ ಋಣಾನುಬಂಧ ಅಂತಾರ, ಅಂತ ಬರದೆ," ಎಂದಳು.

ಬೇವಿನ ಮರವೇ ತಲೆಯ ಮೇಲೆ ಬಿದ್ದಂತಾಯಿತು. "ಅಯ್ಯೋ, ನಾನು ಅಷ್ಟು ಹೇಳಿಕೊಟ್ಟಿದ್ದೆಲ್ಲ ಎಲ್ಲಿ ಹೋತು?"

"ನೀವು ಹೇಳಿದ್ದು ನೆನಪಾಗ್ಲಿಲ್ರಿ. ನನಗ ತಿಳಿದಿದ್ದು ನೆನಪಾತು."

ಆಕೆ ಬೈಕಿನ ಹಿಂದೆ ಕುಳಿತಳು. ಕೊಟ್ಟೂರು ಹತ್ತಿರವಾದಾಗ ನನ್ನ ಬೆನ್ನಿಗೆ ಹಣೆ ಒರಗಿಸಿ, "ಹೋತೇನ್ರಿ ನನ್ನ ಸಾಲಿ?" ಎಂದಳು. ನನಗೆ ಸಂಕಟವಾಯಿತು. ಆ ಉತ್ತರಪತ್ರಿಕೆ ನನ್ನ ಕೈಗೇ ಬಂದಿದ್ದರೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಸೊನ್ನೆ ಸುತ್ತುತ್ತಿದ್ದೆ, ನಿಜ. ಆದರೆ ಅಂಥ ಸೊನ್ನೆಗಳನ್ನು ಈವರೆಗೆ ಎಷ್ಟು ಸುತ್ತಿರಬಹುದು, ಅವುಗಳ ಕೆಳಗೆ ಎಂಥೆಂಥ ತಿಳಿವಳಿಕೆ ಇದ್ದಿರಬಹುದು ಎಂದು ದಾರಿಯುದ್ದಕ್ಕೂ ಯೋಚನೆ ಬಂತು. "ಹಂಗೇನೂ ಆಗಂಗಿಲ್ಲ ಬಿಡು," ಎಂದೆ. ನನ್ನ ದನಿಯಲ್ಲಿ ನನಗೇ ನಂಬಿಕೆ ಇರಲಿಲ್ಲ.

ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಉಪ್ಪನ್ನು ಉಪ್ಪು ಎನ್ನಲಿಲ್ಲ. ಅದು ಸೋಡಿಯಂ ಕ್ಲೋರೈಡ್, ಹೆಸರೆತ್ತಿದರೆ ಆ ಉತ್ತರ ನೆನಪಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸುಮ್ಮನೆ ಬೆರಳು ತೋರಿಸಿ ಕೇಳುತ್ತಿದ್ದೆವು. ಕೊನೆಗೆ ಫಲಿತಾಂಶ ಬಂತು. ನೀಲಾ ಪಾಸು! ಆ ಉತ್ತರಕ್ಕೆ ಅಂಕ ಬಂತೋ ಇಲ್ಲವೋ ದೇವರಿಗೇ ಗೊತ್ತು. ನಾನು ಸ್ಟಾಫ್ ರೂಮಿನಲ್ಲಿ ರಾಜಾನಿಲಗಳಿಗೂ ಪೇಡೆ ಹಂಚಿದೆ, ಅವರೂ ಪ್ರತಿಕ್ರಿಯಿಸಿದರು. ಎಲ್ಲರೂ ನನ್ನ ಕೈ ಕುಲುಕಿದರು, ನಾನೂ ಕುಲುಕಿಸಿಕೊಂಡೆ.

ಜೂನ್ ಬಂತು. ಅಂಕಪಟ್ಟಿಯ ನಕಲು ಹಿಡಿದು ಇಬ್ಬರೂ ಶಿಶುವಿಹಾರಕ್ಕೆ ಹೋದೆವು. ಕಾರ್ಯದರ್ಶಿಗಳು ಅದನ್ನು ಮೇಲೆ ಕೆಳಗೆ ನೋಡಿ, "ಟೀಚರ್ ಮುಂದುವರೀಲಿ" ಎಂದರು. ಗೇಟಿನ ಬಳಿ ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರು ನೀಲಾಳನ್ನು ಸುತ್ತುಗಟ್ಟಿದರು. ಒಂದು ಕೂಸು ಓಡಿಬಂದು ಆಕೆಯ ಸೀರೆಗೇ ಮೂಗು ಒರೆಸಿತು. ಆಕೆ ಅದನ್ನು ಎತ್ತಿಕೊಂಡಾಗ ಕಣ್ಣು ತುಂಬಿದ್ದವು.

"ಮನಿಯಾಗ ವಿಜ್ಞಾನದ ಸರ್ ಇದ್ದ ಮ್ಯಾಲ ನಿಮಗೇನು ಬಿಡ್ರಿ ಟೀಚರ್!" ಎಂದರು ಒಬ್ಬ ತಾಯಿ. "ನಿಮ್ಮ ಸರ್ ಹೆಂಗ್ರಿ, ಮನಿಯಾಗೂ ಚಲೋ ಅದಾರ?"

ನಾನು ಶರ್ಟಿನ ಕಾಲರ್ ಸರಿಮಾಡಿಕೊಂಡು ನಿಂತೆ. ನೀಲಾ ನನ್ನನ್ನು ಒಮ್ಮೆ ನೋಡಿದಳು. ದಿನಾ ಸಂಜೆ ಅದೇ ಗೇಟಿನಲ್ಲಿ ನಿಂತು ತಾಯಂದಿರಿಗೆ ಅವರವರ ಮಕ್ಕಳ ಬಗ್ಗೆ ಹೇಳುವ ದನಿಯಲ್ಲೇ ಹೇಳಿದಳು:

"ಚಲೋ ಅದಾರ್ರಿ. ಒಂದೀಟು ಹಠ ಐತಿ. ಹೇಳಿಕೊಟ್ರ ಕಲೀತಾರ."